ಮುಟ್ಟದ ಪ್ರತಿ

ನಿಘಂಟು ಕಚೇರಿಯಲ್ಲಿ ಕರಡು ತಿದ್ದುವಾಕೆಗೆ ಆ ಬೆಳಿಗ್ಗೆ ತಲೆಬುಡ ಅರ್ಥವಾಗಲಿಲ್ಲ. ಡಿಸ್ಕ್ ತುಂಬಿದೆ ಎಂದು ಕಂಪ್ಯೂಟರ್ ಎರಡು ದಿನದಿಂದ ಗೋಳಿಡುತ್ತಿತ್ತು. ಜಾಗ ನುಂಗುತ್ತಿರುವುದು ಯಾವುದೆಂದು ಹುಡುಕಿದರೆ, ತಾನು ತಿದ್ದುವ ಕಡತಗಳ ಫೋಲ್ಡರಿನೊಳಗೇ ಕಣ್ಣಿಗೆ ಕಾಣದಂತೆ ಇನ್ನೊಂದು ಫೋಲ್ಡರ್ ಅಡಗಿ ಕೂತಿತ್ತು. ಅದರ ತುಂಬ ಗೊತ್ತುಗುರಿಯಿಲ್ಲದ ಅಂಕಿ-ಅಕ್ಷರಗಳ ಹೆಸರಿನ ಕಡತಗಳು. ಒಂದನ್ನು ತೆರೆದಳು. ಅವಳದೇ ‘ಕ’ ಅಕ್ಷರದ ಪುಟಗಳು! ಆದರೆ ಮೂರು ವಾರ ಕೂತು ಮಾಡಿದ ತಿದ್ದುಪಡಿ ಒಂದೂ ಇಲ್ಲ.

ಅನುಮಾನ ನೇರ ಹೋಗಿ ನಿಂತದ್ದು ಪಕ್ಕದ ಕೋಣೆಯ ಸಂಪಾದಕಿಯ ಮೇಲೆ. ಆಕೆ ಇವಳ ಗಂಡನ ತಂಗಿ. ಮೊನ್ನೆ ಊಟದ ಹೊತ್ತಿಗೆ, “ಅತ್ತಿಗೆ, ಕೆಲವು ಅರ್ಥ ಮೊದಲಿದ್ದ ಹಾಗೇ ಚೆನ್ನಾಗಿತ್ತು” ಎಂದು ಚುಚ್ಚಿದ್ದಳು. ಹಾಗಾದರೆ ಹಳೆಯದನ್ನೇ ಕದ್ದಿಟ್ಟುಕೊಂಡು ಅಚ್ಚಿಗೆ ಕಳಿಸುವ ಹುನ್ನಾರವೇ? ಹಿಂದೆಮುಂದೆ ನೋಡದೆ ಆ ಫೋಲ್ಡರನ್ನು ಅಳಿಸಿಹಾಕಿದಳು.

ಮಧ್ಯಾಹ್ನ ತಿದ್ದಿದ್ದನ್ನು ಕಚೇರಿಯ ಸರ್ವರಿಗೆ ಕಳಿಸಲು ಹೋದರೆ, ಆವೃತ್ತಿಗಳ ಲೆಕ್ಕವಿಡುವ ತಂತ್ರಾಂಶ ಇವಳ ಗುರುತೇ ಇಲ್ಲವೆಂಬಂತೆ ಮುಖ ತಿರುಗಿಸಿತು. ‘ಇದು ನಾನು ನೋಡಿಕೊಳ್ಳುವ ಫೋಲ್ಡರ್ ಅಲ್ಲ’ ಎಂಬರ್ಥದ ಒಂದೇ ಸಾಲು. ಕಂಪ್ಯೂಟರ್ ವಿಭಾಗದ ಹಿರಿಯರನ್ನು ಕರೆಸಿ, ಬೆಳಿಗ್ಗೆ ಅಳಿಸಿದ ಫೋಲ್ಡರಿನ ವಿಷಯ ಹೇಳಿದಳು.

“ಅಯ್ಯೋ, ಅದನ್ಯಾಕಮ್ಮಾ ಅಳಿಸಿದ್ರಿ?”

“ಯಾರೋ ಕದ್ದಿಟ್ಟಿದ್ದಾರೆ ಅಂದ್ಕೊಂಡೆ.”

“ಯಾರೂ ಕದ್ದಿಲ್ಲ. ಸರ್ವರಿಂದ ಕಡತ ತಂದಾಗ ತಂತ್ರಾಂಶ ಎರಡು ಪ್ರತಿ ಇಡುತ್ತೆ. ಒಂದು ನೀವು ತಿದ್ದೋಕೆ. ಇನ್ನೊಂದು ಮುಟ್ಟದೆ ಹಾಗೇ ಇಡೋಕೆ. ಎರಡನ್ನೂ ಹೋಲಿಸಿ ತಾನೇ ನೀವು ಏನು ಬದಲಾಯಿಸಿದ್ರಿ ಅಂತ ಅದು ಹೇಳೋದು? ನೆಟ್ ಇಲ್ಲದಾಗ್ಲೂ ತಿದ್ದಿದ್ದನ್ನ ಬಿಟ್ಟು ಮೊದಲಿನ ಸ್ಥಿತಿಗೆ ಹೋಗ್ಬಹುದು.”

“ಹಾಗಾದ್ರೆ ನನ್ನ ಕೆಲಸ?”

“ಅದು ಆ ಫೋಲ್ಡರಿನ ಹೊರಗಡೇನೇ ಇದೆ, ಹೆದರ್ಬೇಡಿ. ಆದ್ರೆ ಹೋಲಿಸೋಕೆ ಹಳೇ ಪ್ರತಿ ಇಲ್ಲದೆ ತಂತ್ರಾಂಶಕ್ಕೀಗ ಅದರ ಹಿಂದುಮುಂದು ಗೊತ್ತಿಲ್ಲ.”

ಅವಳಿಗೆ ಅರ್ಧ ಅರ್ಥವಾಯಿತು, ಅರ್ಧ ಇಲ್ಲ. ಯಾವುದು ಮೂಲ, ಯಾವುದು ನಕಲು? ಸರ್ವರಿನಲ್ಲಿರುವುದೇ, ಅಡಗಿಕೊಂಡಿದ್ದದ್ದೇ, ತನ್ನ ಕೈಯಲ್ಲಿರುವುದೇ?

ಹಿರಿಯರು ಮೂರು ವಾರದ ಹಿಂದಿನ ಆವೃತ್ತಿಯನ್ನು ಸರ್ವರಿಂದ ಬೇರೆ ಕಡೆಗೆ ಹೊಸದಾಗಿ ತರಿಸಿ, ಅದರ ಮೇಲೆ ಅವಳ ಕಡತಗಳನ್ನು ಕೂರಿಸಿದರು. ಪರದೆಯ ಮೇಲೆ ಕೆಂಪು, ಹಸಿರು ಸಾಲುಗಳು ಒಂದೊಂದಾಗಿ ಮೂಡಿದವು. ಅವಳ ತಿದ್ದುಪಡಿಗಳೆಲ್ಲ ಜೀವಂತ!

ಸದ್ದು ಕೇಳಿ ಬಂದ ನಾದಿನಿ ಬಾಗಿಲಲ್ಲೇ ನಿಂತಳು. “ಏನಾಯ್ತು ಅತ್ತಿಗೆ?”

“ನೀನು ನನ್ನ ಕೆಲಸ ಕದೀತಿದ್ದೀಯ ಅಂದ್ಕೊಂಡಿದ್ದೆ ಕಣೇ,” ಎಂದು ಬಾಯಿ ತಪ್ಪಿ ಬಂದೇ ಬಿಟ್ಟಿತು.

ನಾದಿನಿಯ ಮುಖ ಒಂದು ಗಳಿಗೆ ಸಪ್ಪಗಾಯಿತು. ಆಮೇಲೆ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತು ಕೆಂಪು ಸಾಲುಗಳನ್ನು ಓದತೊಡಗಿದಳು. “ಇದು ಚೆನ್ನಾಗಿದೆ. ಇದೂ. ಇದೊಂದು ಮಾತ್ರ, ಅತ್ತಿಗೆ, ಈಗಲೂ ನಂಗೆ ಹಿಡಿಸಲ್ಲ.”

“ಕೆಂಪಂದ್ರೆ ನಾನು ತೆಗೆದು ಹಾಕಿದ್ದು ಕಣೇ, ಹಸಿರು ನಾನು ಬರೆದದ್ದು,” ಎಂದಳು ಅತ್ತಿಗೆ. ಮರುಕ್ಷಣವೇ ಹಿರಿಯರ ಮುಖ ನೋಡಿದಳು. “ಅಲ್ವಾ ಸರ್?”