ಕೊನೆಯ ಕೋಣೆಯ ದೆವ್ವ

ಮಗಳು ತೀರಿಕೊಂಡು ಎರಡು ತಿಂಗಳಾದ ಮೇಲೆ ಅವಳ ಮೂವರು ಗೆಳತಿಯರು ಮನೆಗೆ ಬಂದರು. ಅವಳಿದ್ದಾಗ ಪ್ರತಿ ಭಾನುವಾರ ಮಧ್ಯಾಹ್ನ ಇದೇ ಊಟದ ಮೇಜಿನ ಸುತ್ತ ಕೂತು ನಾಲ್ವರೂ ದಾಳ ಉರುಳಿಸುತ್ತ ಭೂತಬಂಗಲೆಯ ಆಟ ಆಡುತ್ತಿದ್ದರು. ಕಥೆ ಕಟ್ಟಿ ನಡೆಸುತ್ತಿದ್ದವಳು ಮಗಳು; ಗೆಳತಿಯರು ಅದರೊಳಗಿನ ಮಾಟಗಾತಿ, ಬಿಲ್ಲುಗಾರ್ತಿ, ಕಳ್ಳಿ.

"ಅಂಕಲ್, ಕಥೆ ಅರ್ಧಕ್ಕೇ ನಿಂತಿದೆ. ನೀವು ನಡೆಸಿಕೊಡ್ತೀರಾ?" ಎಂದಳು ಮಾಟಗಾತಿ.

"ನಾನು ಬಸ್ ಓಡ್ಸೋನು ಕಣಮ್ಮ, ದೆವ್ವ ಓಡ್ಸೋಕೆ ಬರುತ್ತಾ?" ಎಂದರೂ ಅಪ್ಪ ಕನ್ನಡಕ ಹಾಕಿಕೊಂಡು ಮಗಳು ಕಥೆ ಬರೆದಿಟ್ಟಿದ್ದ ನೋಟ್‌ಬುಕ್ ಬಿಡಿಸಿದ. ತಡವರಿಸುತ್ತ ಓದಿದ. ಮೆಟ್ಟಿಲು ಕಿರುಗುಟ್ಟಿತು, ದೀಪ ಆರಿತು, ಮಹಡಿಯ ಕೊನೆಯ ಕೋಣೆಯ ಬಾಗಿಲು ತಾನಾಗಿಯೇ ತೆರೆದುಕೊಂಡಿತು. ಮಗಳ ಬರಹ ಅಲ್ಲಿಗೆ ನಿಂತಿತ್ತು.

"ಒಳಗೆ ಯಾವ ದೆವ್ವ ಇದೆ ಅಂಕಲ್?" ಬಿಲ್ಲುಗಾರ್ತಿ ಕೇಳಿದಳು.

ಏನಾದರೂ ಕಟ್ಟಿ ಹೇಳೋಣವೆಂದುಕೊಂಡ. ಆದರೆ ದಿನಾ ಬೆಳಿಗ್ಗೆ ತಾನು ಬಾಗಿಲು ತೆಗೆದು ಇಣುಕುವ ಮಗಳ ಕೋಣೆಯೊಂದೇ ಅವನ ಕಣ್ಣಿಗೆ ಕಟ್ಟಿತು.

"ಯಾರೂ ಇಲ್ಲಮ್ಮ," ಎಂದ. "ಮಂಚ ಇದೆ. ಹಾಸಿಗೆ ಮಡಚಿಟ್ಟಿದೆ. ಅಷ್ಟೇ."

ಯಾರೂ ದಾಳ ಮುಟ್ಟಲಿಲ್ಲ. ಕೊನೆಗೆ ಕಳ್ಳಿ ಮೆಲ್ಲಗೆ, "ನಾವು ಮೂರೂ ಜನ ಒಳಗೆ ಹೋಗಿ ಸ್ವಲ್ಪ ಹೊತ್ತು ಕೂತ್ಕೋತೀವಿ, ಅಂಕಲ್," ಎಂದಳು.

ಅಂತ್ಯಕ್ರಿಯೆಯ ದಿನವೂ ಕಲ್ಲಿನಂತೆ ನಿಂತಿದ್ದ ಅಪ್ಪ, ಆ ಮಕ್ಕಳೆದುರು ಬಿಕ್ಕಿ ಬಿಕ್ಕಿ ಅತ್ತ.