ಕಪ್ಪು ಸೀರೆಯ ಮೇಲೊಂದು ಬಸ್ಸು

ನಾನು ಒಂದು ಸೂಜಿ. ಗೋಣಿಚೀಲ ಹೊಲಿಯುವ ದಬ್ಬಣದ ಕುಲದವಳಲ್ಲ, ಅಂಗಿಗೆ ಗುಂಡಿ ಹಚ್ಚಿ ಮೂಲೆ ಸೇರುವ ಪುಡಿ ಸೂಜಿಯೂ ಅಲ್ಲ. ಕಸೂತಿ ಸೂಜಿ. ಈ ಮಾತಿನಲ್ಲಿ ಸ್ವಲ್ಪ ಜಂಬ ಇದೆ ಎಂದು ನಿಮಗೆ ಅನ್ನಿಸಿದರೆ ಅನ್ನಿಸಲಿ. ಒಂದೂವರೆ ಅಂಗುಲದ ಮೈಯಲ್ಲಿ ನಾನು ಇನ್ನೇನು ತಾನೆ ಇಟ್ಟುಕೊಳ್ಳಲಿ?

ಹುಟ್ಟಿದ್ದು ಒಂದು ಕಾರ್ಖಾನೆಯಲ್ಲಿ. ಸುರುಳಿ ಸುತ್ತಿದ್ದ ಉಕ್ಕಿನ ತಂತಿಯನ್ನು ನೆಟ್ಟಗೆ ಎಳೆದರು, ಕತ್ತರಿಸಿದರು, ಒಂದು ತುದಿಯನ್ನು ಸಾಣೆಗೆ ಹಿಡಿದರು, ಇನ್ನೊಂದು ತುದಿಯನ್ನು ಚಪ್ಪಟೆ ಮಾಡಿ ತೂತು ಹೊಡೆದರು. ಕಾಯಿಸಿ, ಎಣ್ಣೆಯಲ್ಲಿ ಅದ್ದಿ, ತಿಕ್ಕಿ ತಿಕ್ಕಿ ಬೆಳ್ಳಗೆ ಮಾಡಿದ ಮೇಲೆ ನನ್ನನ್ನೂ ನನ್ನ ಅಕ್ಕತಂಗಿಯರನ್ನೂ ಕಪ್ಪು ಕಾಗದದಲ್ಲಿ ಸುತ್ತಿದರು. ಧಾರವಾಡದ ಒಂದು ಬಳೆ ಅಂಗಡಿಯಲ್ಲಿ ಆ ಕಾಗದ ಬಿಚ್ಚಿದಾಗಲೇ ನಾನು ಹೊರಗಿನ ಬೆಳಕು ಕಂಡದ್ದು.

ಕೊಂಡವಳು ಅಂಬಕ್ಕ. ಓಣಿಯ ಹೆಣ್ಣುಮಕ್ಕಳಿಗೆ ಕಸೂತಿ ಕಲಿಸುತ್ತಿದ್ದ ಮುದುಕಿ. ಕೈ ಮೆತ್ತಗೆ, ಬಾಯಿ ಬಿರುಸು. ಬಟ್ಟೆಯ ಮೇಲೆ ಗೀಟು ಬರೆದುಕೊಳ್ಳುವಂತಿಲ್ಲ, ಎಳೆ ಎಣಿಸಿಯೇ ಹಾಕಬೇಕು. ಗಂಟು ಹಾಕುವಂತಿಲ್ಲ. ಒಂದು ಹೊಲಿಗೆಯ ಜಾಗಕ್ಕೆ ಒಂದು ಮನೆ ಎಂದು ಲೆಕ್ಕ; ಹೋಗುವಾಗ ಒಂದು ಮನೆ ಬಿಟ್ಟು ಒಂದು ಮನೆ ಹೊಲಿಯಬೇಕು, ತಿರುಗಿ ಬರುವಾಗ ಬಿಟ್ಟ ಮನೆಗಳನ್ನೆಲ್ಲ ತುಂಬುತ್ತ ಬರಬೇಕು. ಆಗಲೇ ಗೀಟು ಪೂರ್ತಿಯಾಗುವುದು, ಹಿಂದು ಮುಂದು ಒಂದೇ ಸಮ ಕಾಣುವುದು.

"ಹ್ವಾದಾಕಿ ತಿರುಗಿ ಬರೂತನಕ ಏಳಬ್ಯಾಡ್ರೇ. ಲೆಕ್ಕ ತಪ್ಪತೈತಿ. ತಪ್ಪಿದ್ರ ಇಡೀ ಸಾಲು ಬಿಚ್ಚಸ್ತೀನಿ" ಎಂದು ಅಂಬಕ್ಕ ದಿನಕ್ಕೆ ಹತ್ತು ಸಲ ಗದರುತ್ತಿದ್ದಳು. ಕುಕ್ಕರ್ ಕೂಗಲಿ, ಕೂಸು ಅಳಲಿ, ಸಾಲಿನ ನಡುವೆ ಎದ್ದವಳಿಗೆ ಅವಳ ಬಾಯಿ ತಪ್ಪಿದ್ದಲ್ಲ.

ಅವಳಿಗೆ ಕಣ್ಣು ಮಂಜಾದಾಗ ನನ್ನನ್ನು ತನ್ನ ಮೆಚ್ಚಿನ ಶಿಷ್ಯೆ ನಿಂಬೆವ್ವನಿಗೆ ಕೊಟ್ಟಳು. ಅಲ್ಲಿಂದ ಮುಂದೆ ನನ್ನ ಬಾಳೆಲ್ಲ ನಿಂಬೆವ್ವನ ಹೆಬ್ಬೆರಳು ತೋರುಬೆರಳಿನ ನಡುವೆಯೇ ಕಳೆಯಿತು. ಸೂಜಿಗೆ ಮನುಷ್ಯರ ಮುಖ ಕಾಣುವುದು ಕೆಳಗಿನಿಂದ. ಹಾಗಾಗಿ ಅವಳ ಗದ್ದ, ಮೂಗುತಿ, ಎಳೆ ಎಣಿಸುವಾಗ ಸಣ್ಣಗೆ ಅಲುಗುವ ತುಟಿ, ಇಷ್ಟೂ ನನಗೆ ಬಾಯಿಪಾಠ.

ಅವಳ ಗಂಡ ರಾಚಪ್ಪ ಬಸ್ ಕಂಡಕ್ಟರ್. ಸಂಜೆ ಮನೆಗೆ ಬಂದು ಚಹಾ ಕುಡಿಯುತ್ತ ಹೆಂಡತಿಯ ಪಕ್ಕ ಕೂತು ಅವಳಿಗಾಗಿ ಎಳೆ ಎಣಿಸುತ್ತಿದ್ದ. ತುಂಬಿದ ಬಸ್ಸಿನಲ್ಲಿ ತಲೆ ಎಣಿಸಿ ರೂಢಿಯಾದ ಕಣ್ಣು, ಒಂದೂ ತಪ್ಪುತ್ತಿರಲಿಲ್ಲ. ಎಣಿಸಿ ಮುಗಿದರೆ "ರೈಟ್!" ಎನ್ನುತ್ತಿದ್ದ, ಆಗ ನಾನು ಹೊರಡುತ್ತಿದ್ದೆ. ತಪ್ಪು ಕಂಡರೆ "ಹೋಲ್ಡಾನ್!" ಎಂದು ಕೂಗುತ್ತಿದ್ದ. ಹೀಗೆ ನಾವು ಮೂವರೂ ಸೇರಿ ಊರವರ ಸೀರೆಗಳ ಮೇಲೆ ನವಿಲು, ಆನೆ, ಗೋಪುರಗಳನ್ನು ಹಾಕಿ ಹಾಕಿ ಕೊಟ್ಟೆವು. ಮದುಮಗಳು ಉಟ್ಟು ಮೆರೆದಳು, ನಿಂಬೆವ್ವ ದೂರದಿಂದ ನೋಡಿ ಬಂದಳು. ಮಗಳು ಸುಮಂಗಲಾ ಮದುವೆಯಾಗಿ ಗದಗಕ್ಕೆ ಹೋದಳು.

ರಾಚಪ್ಪ ನಿವೃತ್ತನಾದ. ಅದಕ್ಕೇ ಕಾದಿದ್ದಂತೆ ದಮ್ಮು ಬಂತು. ರಸ್ತೆಯ ಧೂಳು, ಎಂಜಿನ್ನಿನ ಹೊಗೆ, ಜೊತೆಗೆ ಅವನೇ ಸೇದಿದ ಬೀಡಿ, ಎಲ್ಲ ಎದೆಯಲ್ಲಿ ಮನೆ ಮಾಡಿದ್ದವು. ಬೇಸಿಗೆಯಲ್ಲಿ ಹೇಗೋ ನಡೆಯುತ್ತಿತ್ತು. ಚಳಿ ಬಂತೆಂದರೆ ಉಸಿರು ಕೆರೆಯುವ ಸದ್ದು ಅಡುಗೆಮನೆಯವರೆಗೂ ಕೇಳುತ್ತಿತ್ತು. ಎರಡು ಚಳಿಗಾಲ ಹಾಗೇ ದಾಟಿದವು.

ಮೂರನೆಯದು ಕಾಲಿಡುವ ಹೊತ್ತಿಗೆ ಅವನೇ ತೇಕುತ್ತ ಪೇಟೆಗೆ ಹೋಗಿ ಒಂದು ಕಪ್ಪು ಇಳಕಲ್ ಸೀರೆ ತಂದ.

"ಎಲ್ಲಾರ ಸೀರಿ ಮ್ಯಾಲೂ ನವಿಲು ಕುಣಿಸಿದಿ. ನಿನ್ನ ಸೀರಿ ಮ್ಯಾಲೆ ಒಂದ್ ಗುಬ್ಬಿನೂ ಇಲ್ಲ. ಸಂಕ್ರಮಣಕ್ಕ ಇದನ್ನ ಉಟ್ಕೋಬೇಕು ನೀ. ನಾ ನೋಡಬೇಕು."

"ಎರಡ ತಿಂಗಳದಾಗ ಹೆಂಗ್ ಮುಗೀತೈತ್ರಿ? ನಿಮ್ಮ ಔಷಧ ನೋಡ್ಲ್ಯೋ, ಸೆರಗು ನೋಡ್ಲ್ಯೋ?"

"ಎರಡೂ ನೋಡು. ಮತ್ತ ಆ ನವಿಲಿನ ನಡುವ ನಂದೊಂದು ಬಸ್ಸು ಹಾಕು."

"ಕಸೂತ್ಯಾಗ ಬಸ್ಸು ಎಲ್ಲೇರ ಐತೇನ್ರಿ?"

"ಇಷ್ಟ ದಿನಾ ಇರಲಿಲ್ಲ. ಇನ್ನ ಮ್ಯಾಲೆ ಇರ್ತೈತಿ."

ನಿಂಬೆವ್ವ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. ಆ ಚಳಿಗಾಲದಲ್ಲಿ ಅವಳು ಹಾಗೆ ನಕ್ಕಿದ್ದು ಅದೊಂದೇ ಸಲ. ಅವನು ಈ ಸಂಕ್ರಮಣ ದಾಟುವುದು ಕಷ್ಟ ಎಂದು ಡಾಕ್ಟರು ಅವಳೊಬ್ಬಳಿಗೇ ಹೇಳಿದ್ದರು. ಅವನಿಗೂ ಅದು ಗೊತ್ತಿತ್ತು ಎಂದು ನನಗೆ ಈಗಲೂ ಅನ್ನಿಸುತ್ತದೆ. ಗಂಡ ಹೆಂಡತಿ ಇಬ್ಬರೂ ಆ ಮಾತು ಎತ್ತದೆ ಸೀರೆಯ ಮಾತು ಆಡುತ್ತಿದ್ದರು.

ಆ ಮನೆಗೆ ಬಿಸಿಲು ಬೀಳುತ್ತಿದ್ದುದು ಮುಂದಿನ ಕಟ್ಟೆಯ ಮೇಲೆ ಮಾತ್ರ, ಬೆಳಿಗ್ಗೆ ಒಂಬತ್ತರಿಂದ ಹನ್ನೆರಡರವರೆಗೆ. ಕಪ್ಪು ಬಟ್ಟೆಯ ಎಳೆ ಎಣಿಸಲು ಅವಳಿಗೆ ಆ ಬಿಸಿಲು ಬೇಕು, ಎದೆ ಬೆಚ್ಚಗಾಗಲು ಅವನಿಗೂ ಅದೇ ಬಿಸಿಲು ಬೇಕು. ಇಬ್ಬರೂ ಅಲ್ಲೇ ಕೂರುತ್ತಿದ್ದರು. ಅವಳು ನಸುಕಿನಲ್ಲೇ ಎದ್ದು ನೀರು ಕಾಸಿ, ಅವನ ಮೈ ಒರೆಸಿ, ಮಾಸ್ಕ್ ಹಾಕಿ ಔಷಧದ ಹೊಗೆ ಕೊಟ್ಟು, ಗಂಜಿ ಕುಡಿಸಿ, ಮಾತ್ರೆ ನುಂಗಿಸಿ, ಅದೆಲ್ಲ ಆದ ಮೇಲೆ ನನ್ನನ್ನು ಕೈಗೆತ್ತಿಕೊಳ್ಳುತ್ತಿದ್ದಳು. ಅಷ್ಟರಲ್ಲಿ ಬೆರಳುಗಳು ಚಳಿಗೆ ಒಡೆದು ನೀರಿಗೆ ನೆನೆದು ಒರಟಾಗಿರುತ್ತಿದ್ದವು. ನಾನು ಎರಡು ಮೂರು ಸಲ ಚುಚ್ಚಿಬಿಟ್ಟೆ. ಬೇಕೆಂದು ಚುಚ್ಚಿದ್ದಲ್ಲ. ಒಮ್ಮೆ ಹಾಗೆ ಚುಚ್ಚಿದಾಗಲೇ ಅವನಿಗೆ ಕೆಮ್ಮು ಹತ್ತಿತು. ಅವಳು ಸೀರೆಯನ್ನು ಬದಿಗೆ ಎಸೆದು, "ಒಂದ್ ಗಳಿಗಿ ಸುಮ್ನ ಇರಾಕ ಬರೂದಿಲ್ಲೇನ್ರಿ ನಿಮಗ!" ಎಂದು ಚೀರಿದಳು. ಆಮೇಲೆ ಅವನ ಬೆನ್ನು ತಿಕ್ಕುತ್ತ ಬಿಕ್ಕಿ ಬಿಕ್ಕಿ ಅತ್ತಳು. ಉಸಿರು ಸಾಲದೆ ಅವನ "ರೈಟ್" ಕೂಡ ಆಗ ನಿಂತಿತ್ತು. ಎಳೆಯ ಲೆಕ್ಕವನ್ನು ಬೆರಳು ಮಡಚಿ ತೋರಿಸುತ್ತಿದ್ದ.

ಹೊಸ ವರ್ಷದ ಹೊತ್ತಿಗೆ ಅವನು ಕಟ್ಟೆಗೆ ಬರುವುದೂ ನಿಂತಿತು. ಒಳಗೆ ಬಾಗಿಲಿಗೆ ಎದುರಾಗಿ ಮಂಚ ಹಾಕಿದಳು. ಅಲ್ಲಿ ಬೆಳಕಿಲ್ಲ. ಎಳೆ ಎಣಿಸಬೇಕಾದರೆ ಅವಳು ಹೊರಗೆ ಕೂರಬೇಕು, ಅವನ ಪಕ್ಕ ಕೂತರೆ ಸೆರಗು ಮುಂದೆ ಹೋಗದು. ಸಂಕ್ರಮಣಕ್ಕೆ ಹದಿನಾಲ್ಕು ದಿನ ಉಳಿದಿದ್ದವು. ಅವಳು ಕಟ್ಟೆಯ ಅಂಚಿಗೆ ಕೂರುತ್ತಿದ್ದಳು. ಮಲಗಿದಲ್ಲಿಂದ ಅವನಿಗೆ ಅವಳ ಬೆನ್ನೂ ಬಲಗೈಯೂ ಕಾಣುತ್ತಿದ್ದವು. ಒಂದು ದಿನ ಅವಳು ಒಳಗೆ ಹೋದಾಗ ಅವನ ತುಟಿ ಒಣಗಿ ಬಿರಿದಿತ್ತು.

"ನೀರು ಬೇಕಾಗಿದ್ರ ಕರೀಬಾರದೇನ್ರಿ?"

"ನೀ... ಇನ್ನೂ ತಿರುಗಿ... ಬಂದಿರಲಿಲ್ಲಲ್ಲ" ಎಂದ.

ಇಷ್ಟು ವರ್ಷ ಸಂಸಾರ ಮಾಡಿ ಅಂಬಕ್ಕನ ಕಟ್ಟಳೆ ಅವನಿಗೂ ಅಂಟಿಕೊಂಡಿತ್ತು. ಅವಳ ಕೈ ಯಾವ ಕಡೆ ಚಲಿಸುತ್ತಿದೆ ಎಂದು ನೋಡಿಕೊಂಡು, ಸಾಲು ಮುಗಿದ ಮೇಲೆಯೇ ಕರೆಯುತ್ತಿದ್ದ. ಅವಳು ಅದಕ್ಕೆ ಬೈದಳು. ಆದರೂ ಅವನು ಹಾಗೇ ಮಾಡಿದ, ಅವಳೂ ಅದಕ್ಕೆ ಒಗ್ಗಿಕೊಂಡಳು. ಅವನು ಕರೆದನೆಂದರೆ ಸಾಲು ಮುಗಿದಿದೆ, ಎದ್ದು ಹೋದರಾಯಿತು.

ಬಸ್ಸು ಚೆನ್ನಾಗಿಯೇ ಬಂತು. ಆರು ಕಿಟಕಿ, ಒಂದು ಬಾಗಿಲು. ಚಕ್ರ ದುಂಡಗಾಗದೆ ಮೆಟ್ಟಿಲು ಮೆಟ್ಟಿಲಾಯಿತು, ಕಸೂತಿಗೆ ದುಂಡನೆಯದು ಬಾರದು. ಸಂಕ್ರಮಣಕ್ಕೆ ನಾಲ್ಕು ದಿನ ಇರುವಾಗ ಚಕ್ರದ ಕೆಳಗಿನ ರಸ್ತೆಯ ಗೀಟು ಒಂದೇ ಉಳಿದಿತ್ತು. ಬೆಳಿಗ್ಗೆ ಹತ್ತೂವರೆ ಇರಬೇಕು. ನಾನು ಹೋಗುವ ದಾರಿ ಮುಗಿಸಿ ತಿರುಗಿ ಬರುತ್ತಿದ್ದೆ. ಇನ್ನು ಹನ್ನೊಂದು ಮನೆ ತುಂಬಿದರೆ ಗೀಟು ಪೂರ್ತಿ, ಬಸ್ಸೂ ಪೂರ್ತಿ.

"ನಿಂಬೀ..."

ಒಳಗಿನಿಂದ ಒಂದು ದನಿ. ಜೋರಿನದಲ್ಲ.

"ಬಂದೆ ತಡೀರಿ, ಇಷ್ಟ ಮುಗಿಸಿ ಬರ್ತೀನಿ" ಎಂದಳು, ಕಣ್ಣು ಎಳೆಯ ಮೇಲೇ ಇಟ್ಟು. ಅವಳ ತುಟಿ ಎಣಿಸುತ್ತಿತ್ತು.

ಸಾಲಿನ ನಡುವೆ ಅವನು ಎಂದೂ ಕರೆದವನಲ್ಲ. ಅದು ಅವಳಿಗೆ ಆ ಗಳಿಗೆಯಲ್ಲಿ ಹೊಳೆಯಲಿಲ್ಲ. ಹನ್ನೊಂದನೆಯದು ಮುಗಿಸಿ ನನ್ನನ್ನು ಬಟ್ಟೆಗೆ ಚುಚ್ಚುತ್ತಿದ್ದಂತೆ ಹೊಳೆಯಿತು. ಅವಳ ಬೆರಳು ತಣ್ಣಗಾದದ್ದು ನನಗೆ ತಿಳಿಯಿತು. ಸೀರೆ ಕಟ್ಟೆಯ ಮೇಲೆ ಬಿತ್ತು, ಅವಳು ಓಡಿದಳು. ಒಳಗೆ ಉಸಿರಿನ ಕೆರೆತ ಕೇಳುತ್ತಿರಲಿಲ್ಲ.

ಬಂದ ಬೀಗರಿಗೆ, ನೆರೆಯವರಿಗೆ, ಮಗಳಿಗೆ ನಿಂಬೆವ್ವ ಒಂದೇ ಮಾತು ಹೇಳಿದಳು: "ಕರದ್ರು, ಓಡಿ ಹ್ವಾದೆ, ಅಷ್ಟ್ರಾಗ ಹೋಗಿದ್ರು." ಸೀರೆಯ ಮಡಿಕೆಯಲ್ಲಿ ಸಿಕ್ಕಿಕೊಂಡು ನಾನು ಅದನ್ನು ಮತ್ತೆ ಮತ್ತೆ ಕೇಳಿದೆ. ಮನೆಯಲ್ಲಿ ಎಳ್ಳು ಬೆಲ್ಲವಿಲ್ಲದೆ ಸಂಕ್ರಮಣ ಹೋಯಿತು.

ಅವನ ಹೆಸರಿನ ಶಿವಗಣಾರಾಧನೆ ಮುಗಿದು, ಮಗಳೊಬ್ಬಳ ಹೊರತು ಬಂದವರೆಲ್ಲ ಹೊರಟುಹೋದ ಮೇಲೆ, ಒಂದು ಬೆಳಿಗ್ಗೆ ಅವಳು ಸೀರೆ ತೆಗೆದಳು. ಕಟ್ಟೆಗೆ ಹೋಗಲಿಲ್ಲ. ಬರಿದಾದ ಮಂಚದ ಪಕ್ಕದಲ್ಲೇ ಕೂತು, ಬೆಳಕಿಲ್ಲದಲ್ಲಿ ಬೆರಳಿನಿಂದ ತಡವಿ ಆ ಗೀಟಿನ ತುದಿ ಹುಡುಕಿದಳು. ನನ್ನ ಮೊನೆಯನ್ನು ಎಳೆಯ ಕೆಳಗೆ ತೂರಿಸಿ ಮೇಲೆತ್ತಿದಳು. ಒಂದು ಹೊಲಿಗೆ ಬಿಚ್ಚಿತು. ಮತ್ತೊಂದು.

ಸುಮಂಗಲಾ ಚಹಾ ಹಿಡಿದು ಬಂದವಳು ಅಲ್ಲೇ ನಿಂತಳು. "ಯಾಕ ಬಿಚ್ಚಾಕತ್ತೀಬೇ? ಛಲೋ ಬಂದೈತಲ್ಲ. ಅಪ್ಪನ ಬಸ್ಸು ಅದು."

ನಿಂಬೆವ್ವ ಹನ್ನೊಂದೂ ಬಿಚ್ಚುವವರೆಗೆ ತಲೆ ಎತ್ತಲಿಲ್ಲ. ಆಮೇಲೆ ಕುಗ್ಗಿದ ದಾರವನ್ನು ಅಂಗೈಯಲ್ಲಿ ಹಿಡಿದು ಹೇಳಿದಳು: "ಇವು ನಿಮ್ಮಪ್ಪ ಕರದ ಮ್ಯಾಲೆ ಹಾಕಿದ್ದವು."

ಸುಮಂಗಲಾ ಚಹಾದ ಬಟ್ಟಲನ್ನು ನೆಲಕ್ಕಿಟ್ಟು ತಾಯಿಯ ಪಕ್ಕ ಕೂತಳು. "ಯಾರು ಪಕ್ಕದಾಗ ಇದ್ದಿದ್ರೂ ಏನೂ ಆಗ್ತಿರಲಿಲ್ಲಂತ ಡಾಕ್ಟರ್ ಹೇಳ್ಯಾರಲ್ಲಬೇ" ಎಂದಳು.

"ಏನೂ ಆಗ್ತಿರಲಿಲ್ಲ, ಖರೆ. ಆದ್ರ ಅವರು ನನ್ನ ಮುಖಾ ನೋಡ್ತಿದ್ರು."

ಆಮೇಲೆ ಅವಳು ನನ್ನನ್ನು ಮುಟ್ಟಲಿಲ್ಲ. ನುಸಿಗುಳಿಗೆ ಹಾಕಿದ ಟ್ರಂಕಿನ ತಳದಲ್ಲಿ, ಆ ಕಪ್ಪು ಸೆರಗಿನಲ್ಲೇ ಚುಚ್ಚಿಕೊಂಡು ಎಷ್ಟೋ ವರ್ಷಗಳಿಂದ ಇದ್ದೇನೆ. ಮೈಗೆ ತುಕ್ಕು ಹಿಡಿದಿದೆ. ನಾನು ತಾಗಿದ ಕಡೆ ಬಟ್ಟೆಗೂ ಕಲೆಯಾಗಿದೆ. ಕಸೂತಿಗೆ ಹಿಂದು ಮುಂದು ಒಂದೇ ಸಮ ಇರಬೇಕು ಎಂದು ಅಂಬಕ್ಕ ಹೇಳುತ್ತಿದ್ದಳು. ಮನುಷ್ಯರ ಕೈಯಲ್ಲಿ ಅದು ಸಾಧ್ಯವೇ ಎಂದು ಕತ್ತಲೆಯಲ್ಲಿ ಯೋಚಿಸುತ್ತಿರುತ್ತೇನೆ. ಔಷಧಕ್ಕೂ ಸೆರಗಿಗೂ ಸಮ ಹಂಚಿಕೊಂಡೇ ಅವಳು ಆ ಚಳಿಗಾಲವನ್ನು ನಡೆಸಿದ್ದಳು. ತಪ್ಪಿದ್ದು ಹನ್ನೊಂದು ಹೊಲಿಗೆಯಷ್ಟು ಹೊತ್ತು ಮಾತ್ರ.

ಅವಳು ಮಗಳಿಗಾದರೂ ಹೇಳಿಕೊಂಡಳು. ನನಗೆ ಹೇಳಿಕೊಳ್ಳಲು ನೀವಷ್ಟೇ. ಆ ದನಿ ನನಗೂ ಕೇಳಿಸಿತ್ತು. ಆದರೂ ಬಸ್ಸು ಮುಗಿಯುತ್ತದೆಂಬ ಹಿಗ್ಗಿನಲ್ಲಿ ಆ ಹನ್ನೊಂದು ಹೊಲಿಗೆಗಳನ್ನು ನಾನು ಓಡೋಡಿ ಹಾಕಿದ್ದೆ.