ದಂಟಿನ ಮನೆ

ನನ್ನ ಸೋದರತ್ತೆ ಹೊನ್ನತ್ತಿಗೆ ಮಕ್ಕಳಾಟವೆಂದರೆ ಆಗುತ್ತಿರಲಿಲ್ಲ. ಜೋಳದ ದಂಟು ಹಿಡಿದ ಹುಡುಗರು ಕಣ್ಣಿಗೆ ಬಿದ್ದರೆ ಸಾಕು, "ಅದು ದನ ತಿನ್ನೂದು, ಕೆಳಗಿಡು" ಎಂದು ಗದರುತ್ತಿದ್ದಳು. ನನ್ನ ಅವ್ವನನ್ನು ಕಂಡರಂತೂ ಇನ್ನೂ ಆಗುತ್ತಿರಲಿಲ್ಲ. ಅವ್ವ ಸುಶೀಲವ್ವನಿಗೆ ದಂಟು ಸಿಕ್ಕರೆ ಕೈ ಸುಮ್ಮನಿರುತ್ತಿರಲಿಲ್ಲ. ಸಿಪ್ಪೆ ಸುಲಿದು, ಒಳಗಿನ ಬಿಳಿ ಬೆಂಡನ್ನು ತುಂಡು ಮಾಡಿ, ಸಿಪ್ಪೆಯನ್ನೇ ಸೀಳಿ ಮೊಳೆಯಂತೆ ಚುಚ್ಚಿ, ಬಂಡಿ, ಕನ್ನಡಕ, ತೊಟ್ಟಿಲು ಏನು ಕೇಳಿದರೂ ಮಾಡಿಕೊಡುತ್ತಿದ್ದಳು. ಕಡ್ಡಿಯ ತುದಿಯನ್ನು ಹಲ್ಲಿನಿಂದ ಕಚ್ಚಿ ತುಂಡರಿಸುವುದು ಅವಳ ರೂಢಿ. ಓಣಿಯ ಮಕ್ಕಳೆಲ್ಲ ನಮ್ಮ ಕಟ್ಟೆಯ ಮೇಲೆಯೇ ಬೆಳೆದವರು.

ಹೊನ್ನತ್ತಿ ನನ್ನ ಅಪ್ಪನ ಅಕ್ಕ. ಅದೇ ಊರಿನ ಆಚೆ ಓಣಿಗೆ ಕೊಟ್ಟಿದ್ದರು. ಮಕ್ಕಳಿರಲಿಲ್ಲ, ಗಂಡನೂ ತೀರಿಹೋಗಿದ್ದ. ನನ್ನ ಅಪ್ಪ ಜ್ವರದಲ್ಲಿ ಸತ್ತ ದಿನ ಅವ್ವ ಕಟ್ಟೆಯ ಮೇಲೆ ಕೂತು ನನಗೆ ಬಂಡಿ ಮಾಡಿಕೊಡುತ್ತಿದ್ದಳಂತೆ. ನಾನು ಒಳಗೆ ಬಂದು ನೋಡಬಾರದೆಂದು ಹಾಗೆ ಕೂತಿದ್ದಳು. ಅತ್ತಿ ಅದನ್ನು ಬೇರೆಯೇ ಬಗೆಯಲ್ಲಿ ತೆಗೆದುಕೊಂಡಳು. "ನನ್ನ ತಮ್ಮ ಜೀವ ಬಿಡೂ ಹೊತ್ತಿನ್ಯಾಗ ಇಕಿ ಹೊರಗ ಆಟಾ ಆಡಾಕತ್ತಿದ್ಲು" ಎಂದು ಊರಿಗೆಲ್ಲ ಹೇಳಿದಳು. ಆಮೇಲೆ ಎರಡು ವರ್ಷ ನಮ್ಮ ಹೊಸ್ತಿಲು ತುಳಿಯಲಿಲ್ಲ.

ದೊಡ್ಡ ಯುದ್ಧ ಶುರುವಾಗುವುದಕ್ಕೆ ಮುಂಚಿನ ವರ್ಷ, ಸುಗ್ಗಿಯ ದಿನಗಳಲ್ಲಿ, ನಮ್ಮೂರಿನಲ್ಲಿ ಇಲಿ ಸತ್ತು ಬಿದ್ದವು. ಇಲಿ ಬಿದ್ದವೆಂದರೆ ಪ್ಲೇಗು ಬಂತೆಂದೇ ಲೆಕ್ಕ. ಇಡೀ ಊರು ಮನೆಗಳಿಗೆ ಬೀಗ ಹಾಕಿ, ದುಂಡಸಿ ದಾರಿಯ ಹೊಲಗಳಲ್ಲಿ ದಂಟಿನ ಗುಡಿಸಲು ಕಟ್ಟಿಕೊಂಡಿತು. ಬೇನೆ ಬಿದ್ದವರಿಗೆಂದು ಹಳ್ಳದ ಆಚೆ ದಂಡೆಯಲ್ಲಿ ಬೇರೆ ಗುಡಿಸಲು ಹಾಕಿದರು. ಅಲ್ಲಿಗೆ ಹೋದವರು ಬೇನೆ ಪೂರ್ತಿ ತೀರುವ ತನಕ ಈಚೆ ಬರುವಂತಿಲ್ಲ. ಅಲ್ಲಿಂದ ಬಂದ ವಸ್ತು ಏನೇ ಇದ್ದರೂ ಸುಡಬೇಕು. ಇದನ್ನು ಮೀರಿದವರನ್ನು ಊರವರೇ ಹೊಲದಿಂದ ಹೊರಗೆ ಹಾಕುತ್ತಿದ್ದರು.

ನಾವು ಬಂದ ನಾಲ್ಕನೇ ದಿನ ಆಯಿಗೆ, ಅಂದರೆ ಅಪ್ಪನ ತಾಯಿಗೆ, ತೊಡೆಸಂದಿಯಲ್ಲಿ ಗಂಟು ಎದ್ದಿತು. ಯಾರಾದರೂ ಜೊತೆಗೆ ಹೋಗಬೇಕಿತ್ತು. ಆಯಿಗೆ ಹೊನ್ನತ್ತಿ ಹೊಟ್ಟೆಯ ಮಗಳು. ಅವಳು ತಲೆ ತಗ್ಗಿಸಿ ನಿಂತಳು. ಅವ್ವ ಹಾಸಿಗೆಯ ಕೌದಿ ಸುತ್ತಿಕೊಂಡು, ನನ್ನನ್ನು ಅತ್ತಿಯ ಮುಂದೆ ನಿಲ್ಲಿಸಿದಳು. "ಇಕಿನ್ನ ನೋಡಿಕೊಳ್ರಿ" ಎಂದಳು. ಎರಡು ವರ್ಷದಲ್ಲಿ ಅವರಿಬ್ಬರ ನಡುವೆ ಆದ ಮಾತು ಅದೊಂದೇ. ಆಗ ನನಗೆ ಆರು ವರ್ಷ.

ಅವ್ವ ಹಳ್ಳ ದಾಟಿದ ದಿನದಿಂದ ನನಗೆ ಇದ್ದದ್ದು ಒಂದೇ ಹಟ, ಅವಳ ಹತ್ತಿರ ಹೋಗಬೇಕು. ಎರಡು ಸಲ ಓಡಿದೆ. ಎರಡು ಸಲವೂ ಅತ್ತಿ ಬೆನ್ನಟ್ಟಿ ಹಿಡಿದು, ಬೆನ್ನಿನ ಮೇಲೆ ಬಾರಿಸಿ, ಜುಟ್ಟು ಹಿಡಿದು ಎಳೆತಂದಳು. ಮೂರನೇ ದಿನ ಖಾದರಸಾಬ ಬಂದ. ಅವನು ಹುಲಗೂರಿನವನು. ಚಿಕ್ಕಂದಿನಲ್ಲಿ ಪ್ಲೇಗು ಬಂದು ಬದುಕಿ ಉಳಿದವನಾದ್ದರಿಂದ ಮತ್ತೆ ಬರುವುದಿಲ್ಲವೆಂದು ಎಲ್ಲರ ನಂಬಿಕೆ. ಹಾಗಾಗಿ ಆಚೆ ಗುಡಿಸಲಿಗೆ ಗಂಜಿ ಒಯ್ಯುವ ಕೆಲಸ ಅವನದು. ಹಳ್ಳದ ಈಚೆಯ ಚಪ್ಪಡಿಕಲ್ಲಿನ ಮೇಲೆ ಏನನ್ನೋ ಇಟ್ಟು ದೂರ ಸರಿದು ನಿಂತ.

"ಹೊನ್ನಕ್ಕಾರ, ಸುಶೀಲವ್ವಾರು ಮಗಳಿಗೆ ಕೊಟ್ಟಾರ್ರಿ" ಎಂದ.

ದಂಟಿನ ಬಾಗಿಲು. ಚೌಕಟ್ಟು, ಹೊಸ್ತಿಲು, ಎರಡು ಕದ, ಎಲ್ಲವೂ ಇದ್ದವು. ನಾನು ಕೈ ಚಾಚುವ ಮೊದಲೇ ಅತ್ತಿ ನನ್ನನ್ನು ಹಿಂದಕ್ಕೆ ದೂಡಿ, ಉದ್ದನೆಯ ಕೋಲಿನಿಂದ ಅದನ್ನು ಪಕ್ಕದಲ್ಲೇ ಹಾಕಿದ್ದ ಬೆಂಕಿಯ ಕೆಂಡಕ್ಕೆ ತಳ್ಳಿದಳು. ಬೆಂಡು ಉರಿಯಲು ಎಷ್ಟು ಹೊತ್ತು ಬೇಕು? ಅವಳ ಕೈ ಕಚ್ಚಿದೆ. ಅವತ್ತು ಮಧ್ಯಾಹ್ನ ಉಣ್ಣಲಿಲ್ಲ, ಸಂಜೆಯೂ ಉಣ್ಣಲಿಲ್ಲ. ಮರುದಿನ ನೀರನ್ನೂ ಮುಟ್ಟಲಿಲ್ಲ. ನನ್ನ ಹಟ ಅಪ್ಪನ ಕಡೆಯಿಂದ, ಎಂದರೆ ಅತ್ತಿಯ ಕಡೆಯಿಂದಲೇ ಬಂದದ್ದು. ಅದು ಅವಳಿಗೂ ಗೊತ್ತಿತ್ತು.

ಆ ದಿನದ ಇಳಿಹೊತ್ತಿನಲ್ಲಿ ಅತ್ತಿ ಬಣವೆಯ ಹಿಂದಿನಿಂದ ಬಂದು ನನ್ನ ಮುಂದೆ ಒಂದು ಬಾಗಿಲು ಇಟ್ಟಳು.

"ನಿಮ್ಮವ್ವ ಮತ್ತೊಂದು ಕಳಿಸ್ಯಾಳ. ಬಿಸಲಿಗಿಟ್ಟು, ಬೂದಿ ಹಚ್ಚಿ ತಂದೇನಿ. ಈಗರ ಉಣ್ಣು."

ತಿರುಗಿಸಿ ನೋಡಿದೆ. ಕಡ್ಡಿಯ ತುದಿಗಳಲ್ಲಿ ಹಲ್ಲಿನ ಗುರುತು ಇರಲಿಲ್ಲ. ಕುಡುಗೋಲಿನಿಂದ ನೀಟಾಗಿ ಕೊಯ್ದಿದ್ದವು. ಅತ್ತಿಯ ಎಡಗೈ ಹೆಬ್ಬೆರಳಿಗೆ ಬಟ್ಟೆಚೂರು ಕಟ್ಟಿತ್ತು. ಮಕ್ಕಳಿಗೆ ಏನೂ ತಿಳಿಯದು ಎನ್ನುವವರು ಮಕ್ಕಳನ್ನು ಸರಿಯಾಗಿ ಕಂಡವರಲ್ಲ. ನನಗೆ ಆ ಕ್ಷಣವೇ ತಿಳಿಯಿತು. ಆದರೂ ಬಾಯಿ ಬಿಡಲಿಲ್ಲ, ಉಂಡೆ. ಗೊತ್ತಾಗಿದೆ ಎಂದರೆ ಇದೂ ನಿಂತುಹೋದೀತೆಂಬ ಹೆದರಿಕೆ.

ಮರುದಿನದಿಂದ ಬೇವಿನ ಮರದ ಬುಡದಲ್ಲಿ ಕೂತು ಎಲ್ಲವನ್ನೂ ನೋಡುತ್ತಿದ್ದೆ. ಖಾದರಸಾಬ ಕಲ್ಲಿನ ಮೇಲೆ ಆಟಿಕೆ ಇಟ್ಟು ಹೋಗುತ್ತಿದ್ದ. ಅತ್ತಿ ಮೂರು ಮಾರು ದೂರದಲ್ಲಿ ಕುಕ್ಕರಗಾಲಲ್ಲಿ ಕೂತು, ಕೋಲಿನಿಂದ ಅದನ್ನು ಅತ್ತ ಇತ್ತ ಹೊರಳಿಸಿ, ಮೇಲೆ ಕೆಳಗೆ ನೋಡಿ, ಬೆರಳಿನಲ್ಲಿ ಏನನ್ನೋ ಅಳೆದುಕೊಳ್ಳುತ್ತಿದ್ದಳು. ಆಕಾರ ಮನಸ್ಸಿನಲ್ಲಿ ಪೂರ್ತಿ ಕೂತ ಮೇಲೆ ಬೆಂಕಿಗೆ ತಳ್ಳಿ, ಬಣವೆಯ ಹಿಂದೆ ಹೋಗಿ ಕೂರುತ್ತಿದ್ದಳು. ಮಕ್ಕಳ ಕೈಯಿಂದ ದಂಟು ಕಸಿಯುತ್ತಿದ್ದ ಹೆಂಗಸು ದಂಟು ಸೀಳಿ, ಬೆರಳು ಕೊಯ್ದುಕೊಂಡು, ಯಾರನ್ನೋ ಬೈಯುತ್ತ, ಬೆಂಡು ಮುರಿದರೆ ಮತ್ತೊಂದು ತೆಗೆದುಕೊಳ್ಳುತ್ತಿದ್ದಳು. ಸಂಜೆಗೆ ಅವ್ವನದು ಹೇಗಿತ್ತೋ ಹಾಗೆಯೇ ಒಂದು ನನ್ನ ಮುಂದೆ ಬರುತ್ತಿತ್ತು.

ಬಾಗಿಲ ನಂತರ ಎರಡು ಎತ್ತು ಕಟ್ಟಿದ ಗೋದಲಿ ಬಂತು. ಆಮೇಲೆ ಬೀಸುಕಲ್ಲು, ಆಮೇಲೆ ಒಲೆ. ಅತ್ತಿಗೆ ಅವು ಬರೀ ಆಟಿಕೆಗಳು. ನನಗೆ ಮಾತ್ರ ಅವುಗಳ ಒಳಗುಟ್ಟು ಗೊತ್ತಿತ್ತು. ಊರ ಮನೆಯಲ್ಲಿ ಅವ್ವ ದಿನಾ ಮುಸ್ಸಂಜೆ ದೀಪ ಹಚ್ಚಿ, ನನ್ನನ್ನು ಸೊಂಟದ ಮೇಲೆ ಕೂರಿಸಿಕೊಂಡು ಮನೆಯೆಲ್ಲ ಬೆಳಕು ತೋರಿಸುತ್ತಿದ್ದಳು. ಮೊದಲು ತಲಬಾಗಿಲಿಗೆ, ಆಮೇಲೆ ಎತ್ತುಗಳಿಗೆ, ಬೀಸುಕಲ್ಲಿಗೆ, ಒಲೆಗೆ, ದೇವರ ಜಗಲಿಗೆ, ಆಯಿ ಮಲಗುವ ಹೊರಸಿಗೆ. ಎಲ್ಲ ಮುಗಿದ ಮೇಲೆ ಕೊನೆಗೆ ನನ್ನ ಮುಖಕ್ಕೆ. ದಿನವೂ ಇದೇ ದಾರಿ, ಒಂದು ದಿನವೂ ತಪ್ಪಿದ್ದಿಲ್ಲ. ಅವ್ವ ಅಲ್ಲಿ ಕೂತು ಅದೇ ದಾರಿಯಲ್ಲಿ ದಿನಕ್ಕೊಂದು ಹೆಜ್ಜೆ ಬರುತ್ತಿದ್ದಾಳೆ, ಕೊನೆಗೆ ನನ್ನ ಹತ್ತಿರ ಬಂದೇ ಬರುತ್ತಾಳೆ ಎಂದು ನಾನು ತಿಳಿದಿದ್ದೆ. ಆಮೇಲೆ ಹಳ್ಳದ ಕಡೆ ಓಡುವುದನ್ನೇ ಬಿಟ್ಟೆ. ಬರುವವಳ ಕಡೆಗೆ ನಾನು ಯಾಕೆ ಓಡಬೇಕು?

ಒಲೆ ಬಂದ ದಿನವೇ ಆಯಿ ತೀರಿಕೊಂಡಳು. ಆಚೆಯೇ ಮಣ್ಣು ಮಾಡಿದರು. ಅತ್ತಿ ಹಳ್ಳದ ಈಚೆ ದಂಡೆಯಲ್ಲಿ ನಿಂತು ಎದೆ ಬಡಿದುಕೊಂಡಳು. ಅವ್ವ ಆಚೆಯಿಂದ ಕೈ ಎತ್ತಿ ನಿಂತದ್ದು ಕಂಡಿತು. ಬೇನೆ ತನಗೂ ತಗುಲಿಲ್ಲವೆಂದು ಖಾತ್ರಿಯಾಗಲು ಅವಳಿನ್ನೂ ಹದಿನೈದು ದಿನ ಅಲ್ಲೇ ಇರಬೇಕಿತ್ತು.

ಮರುದಿನ ಜಗಲಿ ಬಂತು, ಅದರ ಮರುದಿನ ಆಯಿಯ ಹೊರಸು.

ಹೊರಸಿನ ಒಂದು ಕಾಲು ಸೊಟ್ಟಗಿತ್ತು. ಒಂದು ಕಡೆ ಕಡ್ಡಿ ಬೆಂಡನ್ನು ಸೀಳಿಕೊಂಡು ಹೊರಗೆ ಬಂದಿತ್ತು. ಅತ್ತಿಗೆ ಅಷ್ಟರಲ್ಲಿ ಕೈ ಕುದುರಿತ್ತು, ಸೊಟ್ಟ ಮಾಡುವವಳಲ್ಲ. ಅವ್ವ ಕಳಿಸಿದ್ದೇ ಸೊಟ್ಟಗಿತ್ತು. ಅತ್ತಿ ಅದನ್ನು ನೆಟ್ಟಗೆ ಮಾಡದೆ, ಸೊಟ್ಟ ಕಾಲನ್ನೂ ಸೀಳಿದ ಬೆಂಡನ್ನೂ ಇದ್ದದ್ದು ಇದ್ದ ಹಾಗೇ ತಂದುಕೊಟ್ಟಳು. ಹೊರಸನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದೆ. ಅವ್ವನ ಕೈ ನಡುಗಿತ್ತು.

ಆಮೇಲೆ ಮೂರು ದಿನ ಏನೂ ಬರಲಿಲ್ಲ. ಅತ್ತಿಯನ್ನು ಕೇಳಿದರೆ, "ಖಾದರಸಾಬ ಶಿಗ್ಗಾಂವಿಗೆ ಹೋಗ್ಯಾನ" ಎಂದಳು. ಗಂಜಿಯ ಗಡಿಗೆ ಹೊತ್ತು ಅವನು ಹಳ್ಳ ದಾಟುವುದು ನನಗೆ ಕಾಣುತ್ತಲೇ ಇತ್ತು. ನಾಲ್ಕನೇ ದಿನ ಅವನು ಗಡಿಗೆ ಒಯ್ಯಲಿಲ್ಲ. ಕಲ್ಲಿನ ಹತ್ತಿರ ನಿಂತು ಅತ್ತಿಗೆ ಏನೋ ಹೇಳಿ, ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡ. ಅತ್ತಿ ಬಣವೆಯ ಹಿಂದೆ ಹೋದಳು. ಅವತ್ತು ಅಲ್ಲಿಂದ ಬೈಗುಳ ಕೇಳಲಿಲ್ಲ.

ಸಂಜೆ ನನ್ನ ಮುಂದೆ ಒಂದು ಗಿಳಿ ಇಟ್ಟಳು. ಉಯ್ಯಾಲೆಯ ಮೇಲೆ ಕೂತ ಗಿಳಿ. ರೆಕ್ಕೆಗೆ ಬೇವಿನೆಲೆಯ ರಸ ಹಚ್ಚಿದ್ದಳು, ಕಣ್ಣಿಗೆ ಎರಡು ಸಾಸಿವೆ ಕಾಳು. ಅಲ್ಲಿಯ ತನಕ ಬಂದ ಎಲ್ಲಕ್ಕಿಂತ ಅದೇ ಚೆಂದವಿತ್ತು. ಮುಟ್ಟಿದರೆ ಉಯ್ಯಾಲೆ ತೂಗುತ್ತಿತ್ತು.

"ನೋಡು, ನಿಮ್ಮವ್ವ ಏನ್ ಕಳಿಸ್ಯಾಳ."

ನಾನು ಮುಟ್ಟಲಿಲ್ಲ.

"ಇದು ಅವ್ವ ಕಳಿಸಿದ್ದಲ್ಲ" ಎಂದೆ.

"ಮತ್ಯಾರು ಕಳಿಸ್ತಾರ?"

"ನಮ್ಮ ಮನ್ಯಾಗ ಗಿಳಿ ಇಲ್ಲ."

ಅತ್ತಿ ಬೈಯಲು ಬಾಯಿ ತೆರೆದಳು. ಅಷ್ಟರಲ್ಲಿ ನಾನೇ ಹೇಳಿದೆ: "ಎಲ್ಲಾ ನೀನ ಮಾಡೀದಿ. ನನಗ ಗೊತ್ತೈತಿ, ಬಾಗಲಾನೂ ನಿಂದ. ಆದ್ರ ಅವನ್ನ ಅವ್ವಂದು ನೋಡಿ ಮಾಡಿದ್ದಿ. ಇದನ್ನ ಏನೂ ನೋಡದ ಮಾಡೀದಿ."

ಕುಡುಗೋಲು ಇನ್ನೂ ಅತ್ತಿಯ ಕೈಯಲ್ಲೇ ಇತ್ತು. ಅದನ್ನು ನೆಲಕ್ಕಿಟ್ಟು ನನ್ನೆದುರು ಕೂತಳು.

"ಅವ್ವ ಇಲ್ಲೇನು?" ಎಂದೆ.

"ಇಲ್ಲವ್ವಾ" ಎಂದಳು. ಅಲ್ಲಿಯ ತನಕ ನನ್ನನ್ನು ಒಂದು ದಿನವೂ ಅವ್ವಾ ಎಂದು ಕರೆದವಳಲ್ಲ. "ನಮ್ಮವ್ವನ ಹತ್ರ ನಾ ಹೋಗಬೇಕಿತ್ತು. ಹೆಣ್ಣುಮಗಳು ಅಂತ ಹುಟ್ಟಿದಾಕಿ ನಾನು. ನನಗ ಧೈರ್ಯ ಆಗಲಿಲ್ಲ. ಅಕಿ ಹೋದ್ಲು. ಅಕಿಗೆ ನಾ ಏನೇನ್ ಅಂದಿದ್ನೆವ್ವಾ."

ಅಳುವಿನ ನಡುವೆ, ಮುಂದೆ ಏನು ಬರಬೇಕಿತ್ತೆಂದು ಕೇಳಿದಳು. ನಾನು ದೀಪದ ದಾರಿಯನ್ನೆಲ್ಲ ಹೇಳಿದೆ. ಹೊರಸಿನ ತನಕ ಹೇಳಿ ನಿಲ್ಲಿಸಿದೆ. ಕೊನೆಯದನ್ನು ನನ್ನಲ್ಲೇ ಇಟ್ಟುಕೊಂಡೆ.

ಯುಗಾದಿಗೆ ನಾಲ್ಕು ದಿನ ಇರುವಾಗ ಊರು ತೆರೆಯಿತು. ಹೆಂಚು ಇಳಿಸಿ ಮನೆಗಳಿಗೆಲ್ಲ ಬಿಸಿಲು ಹಾಯಿಸಿ, ಸುಣ್ಣ ಬಳಿದಿದ್ದರು. ಅತ್ತಿ ತನ್ನ ಮನೆಯ ಬೀಗ ತೆಗೆಯದೆ ನಮ್ಮ ಮನೆಗೇ ಬಂದಳು. ಬಗ್ಗಿ ಹೊಸ್ತಿಲು ಮುಟ್ಟಿ ನಮಸ್ಕರಿಸಿ ಒಳಗೆ ಕಾಲಿಟ್ಟಳು.

ಮುಸ್ಸಂಜೆಯಾಯಿತು. ದಂಟಿನ ಆರು ಸಾಮಾನುಗಳನ್ನು ಕಾಳು ಕೇರುವ ಮರದಲ್ಲಿ ಜೋಡಿಸಿ ಅದನ್ನು ನನ್ನ ಕೈಗೆ ಕೊಟ್ಟಳು. ತಾನು ಹಣತೆ ಹಚ್ಚಿದಳು. ನನ್ನನ್ನು ಸೊಂಟಕ್ಕೆ ಎತ್ತಿಕೊಳ್ಳಲು ಬರಲಿಲ್ಲ. ಮಕ್ಕಳನ್ನು ಎತ್ತಿ ರೂಢಿಯಿಲ್ಲದ ಸೊಂಟ ಅದು, ನಾನು ಎರಡು ಸಲ ಜಾರಿದೆ. ಮೂರನೇ ಸಲ ಗಟ್ಟಿಯಾಗಿ ಹಿಡಿದಳು.

ಯಾವುದರ ನಂತರ ಯಾವುದೆಂದು ನಾನು ಮತ್ತೆ ಹೇಳಿಕೊಡಬೇಕಾಗಲಿಲ್ಲ. ಒಂದೊಂದನ್ನೂ ತನ್ನ ಕೈಯಿಂದಲೇ ಮಾಡಿದವಳಿಗೆ ಅದು ನೆನಪಿತ್ತು. ಬಾಗಿಲಿಗೆ ಬೆಳಕು ತೋರಿಸಿದಳು. ನಮ್ಮ ಕಾಳಿ, ಮಾಲಿ ಎಂಬ ಎರಡು ಎತ್ತು ತಲೆ ಎತ್ತಿ ನೋಡಿದವು. ಬೀಸುಕಲ್ಲು, ಒಲೆ, ಜಗಲಿ ಮುಗಿದವು. ಆಯಿಯ ಖಾಲಿ ಹೊರಸಿಗೂ ಬೆಳಕು ತೋರಿಸಿದಳು. ತಿರುಗಿ ಮರದೊಳಗೆ ನೋಡಿದಳು. ಅಲ್ಲಿ ಮತ್ತೇನೂ ಉಳಿದಿರಲಿಲ್ಲ.

"ಇದರ ಮುಂದ?" ಎಂದಳು.

"ನಾನು" ಎಂದೆ.

"ನಿನಗ ಬೆಳಕು ತೋರ್ಸೂ ಮುಂದ ಏನಂತಿದ್ಲು?"

"ಏನೂ ಅಂತಿದ್ದಿಲ್ಲ. ಬರೇ ನೋಡ್ತಿದ್ಲು."

ಅತ್ತಿ ಹಣತೆಯನ್ನು ನನ್ನ ಮುಖದ ಹತ್ತಿರ ತಂದು ನೋಡಿದಳು. ಹಣತೆ ವಾಲಿ ಎಣ್ಣೆ ಅವಳ ಸೀರೆಯ ಮೇಲೂ ನನ್ನ ಲಂಗದ ಮೇಲೂ ಚೆಲ್ಲಿತು. ಅವತ್ತು ಅದಕ್ಕೂ ಅವಳು ಬೈಯಲಿಲ್ಲ.